‘ಕೊ’ಗೆ ಎರಡು ಮೊಳೆ

ಆಫೀಸಿನಲ್ಲಿ ಅವಳಿಗೆ ಅನುಮಾನದಕ್ಕ ಎಂದು ಹೆಸರು. ಯಾರು ಇಟ್ಟರೋ ಗೊತ್ತಿಲ್ಲ, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು. ಲಿಫ್ಟಿನ ಗುಂಡಿಗೆ ದೀಪ ಹತ್ತಿದ ಮೇಲೂ ಇನ್ನೊಮ್ಮೆ ಒತ್ತುವಳು. ಮನೆಗೆ ಬೀಗ ಹಾಕಿ ಒಂದು ಮಹಡಿ ಇಳಿದವಳು ಮತ್ತೆ ಹತ್ತಿ ಹೋಗಿ ಬೀಗ ಎಳೆದು ನೋಡುವಳು. ಇಂಥವರು ಮನೆಯಲ್ಲಿದ್ದರೆ ತಲೆನೋವು, ಆಫೀಸಿನಲ್ಲಿದ್ದರೆ ಅವರಿಗೆ ಟೆಸ್ಟರ್ ಎನ್ನುತ್ತಾರೆ. ಹದಿನಾಲ್ಕು ವರ್ಷ ಅದೇ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಸಿಕ್ಕಿದ್ದನ್ನೆಲ್ಲ ಅನುಮಾನಿಸಿದವಳು, ಅನುಮಾನಪಡಲೇಬೇಕಾಗಿದ್ದ ಒಂದು ಮಧ್ಯಾಹ್ನ ಮಾತ್ರ ಅದನ್ನು ಮರೆತಳು.

ಅವಳ ಕಂಪನಿ ಮಾಡುತ್ತಿದ್ದುದು ಹಲವರು ಸೇರಿ ಬರೆಯುವವರಿಗೆ ಬೇಕಾದ ಒಂದು ಸಾಫ್ಟ್‌ವೇರ್. ಪಠ್ಯಪುಸ್ತಕ ಬರೆಯುವವರು, ಕಾನೂನಿನ ಕರಡು ಮಾಡುವವರು, ಇಂಥವರು ಅದನ್ನು ಬಳಸುತ್ತಿದ್ದರು. ಮೂಲಪ್ರತಿ ಸರ್ವರಿನಲ್ಲಿ ಇರುತ್ತದೆ. ಪ್ರತಿಯೊಬ್ಬರೂ ಅದರದೊಂದು ನಕಲನ್ನು ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು ಅದರಲ್ಲಿ ಬರೆಯುತ್ತಾರೆ, ಅಳಿಸುತ್ತಾರೆ, ಮನಸ್ಸಿಗೆ ಒಪ್ಪಿದ ಮೇಲೆ ಸರ್ವರಿಗೆ ಕಳಿಸಿ ಸೇರಿಸುತ್ತಾರೆ, ಅದು ಕಮಿಟ್. ಆ ನಕಲಿಗೆ ವರ್ಕಿಂಗ್ ಕಾಪಿ ಎಂದು ಹೆಸರು. ಅಷ್ಟರಲ್ಲಿ ಬೇರೆಯವರು ಮಾಡಿದ ಬದಲಾವಣೆಗಳನ್ನು ನಮ್ಮ ಕಾಪಿಗೆ ತಂದುಕೊಳ್ಳುವುದು ಅಪ್‌ಡೇಟ್. ಕೇಳುವುದಕ್ಕೆ ನೀರು ಕುಡಿದಷ್ಟು ಸುಲಭ. ಇದರಲ್ಲಿ ಪರೀಕ್ಷೆ ಮಾಡೋದು ಏನಿದೆ ಅಂತ ಅವಳ ಅಮ್ಮನೇ ಒಮ್ಮೆ ಕೇಳಿದ್ದಳು.

“ಅಮ್ಮ, ನಿನ್ನ ಮೇಜಿನ ಮೇಲೆ ನೀನು ಅರ್ಧ ಬರೆದ ಕಾಗದ ಇದೆ ಅಂದ್ಕೋ. ಹೊರಗಿಂದ ಒಬ್ಬ ಹೊಸ ಕಾಗದಗಳನ್ನ ತಂದು ಇಡ್ತಾನೆ. ಅವನು ನಿನ್ನ ಕಾಗದ ಎತ್ತಿ ಬಿಸಾಡಬಾರದು, ಅದರ ಮೇಲೆ ಗೀಚಬಾರದು. ಅವನು ಹಾಗೆ ಮಾಡ್ತಾನಾ ಇಲ್ವಾ ಅಂತ ದಿನಾ ನೋಡೋದೇ ನನ್ನ ಕೆಲಸ.”

“ಅಷ್ಟು ನಂಬಿಕೆ ಇಲ್ದೇ ಇದ್ರೆ ಅವನನ್ನ ಒಳಗೆ ಯಾಕೆ ಬಿಡ್ತೀಯ?” ಅಂದಳು ಅಮ್ಮ. ಹದಿನಾಲ್ಕು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ಮ್ಯಾನೇಜರನೂ ಕೇಳಿರಲಿಲ್ಲ.

ಪರೀಕ್ಷೆಗೆ ಅವಳ ಬಳಿ ನೂರ ಹದಿನೆಂಟು ಕೇಸುಗಳಿದ್ದವು. ಪ್ರತಿ ಕೇಸಿಗೂ ಎರಡು ಪುಟ್ಟ ವರ್ಕಿಂಗ್ ಕಾಪಿ ಮಾಡುತ್ತಿದ್ದಳು. ಒಂದರಲ್ಲಿ ಒಂದು ಸಾಲು ಬದಲಿಸುವುದು, ಇನ್ನೊಂದರಲ್ಲಿ ಅದೇ ಸಾಲನ್ನು ಇನ್ನೊಂದು ಥರ ಬದಲಿಸುವುದು, ಅಪ್‌ಡೇಟ್ ಒತ್ತುವುದು, ಏನು ಉಳಿಯಿತು ಏನು ಹೋಯಿತು ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುವುದು. ಎಲ್ಲದರ ಹಿಂದೆ ಇದ್ದದ್ದು ಒಂದೇ ನಿಯಮ: ಒಬ್ಬರು ಬರೆದು ಇನ್ನೂ ಕಮಿಟ್ ಮಾಡದೆ ಇಟ್ಟುಕೊಂಡದ್ದನ್ನು ಅಪ್‌ಡೇಟ್ ಮುಟ್ಟಬಾರದು. ನಲವತ್ತೊಂದನೆಯ ಕೇಸ್ ಅವಳಿಗೆ ಬಲು ಪ್ರೀತಿಯದು. ಸರ್ವರಿನಿಂದ ಹೊಸ ಫೈಲೊಂದು ಬರುತ್ತದೆ, ಅದೇ ಹೆಸರಿನ ಫೈಲು ನಮ್ಮಲ್ಲಿ ಮೊದಲೇ ಇದೆ. ಆಗ ಸಾಫ್ಟ್‌ವೇರ್ ನಿಂತು, “ಇಲ್ಲಿ ನಿಮ್ಮದೇ ಒಂದು ಇದೆ, ನಾನು ಮುಟ್ಟಿಲ್ಲ” ಎಂದು ಹೇಳಬೇಕು. ಹೇಳುತ್ತಿತ್ತು. ಅಷ್ಟು ಮರ್ಯಾದಸ್ಥ ಸಾಫ್ಟ್‌ವೇರ್ ಅದು.

ಅನುಮಾನ ಅವಳಿಗೆ ಬಂದದ್ದು ಅಪ್ಪನಿಂದ. ಅಪ್ಪ ಒಂದು ಅಚ್ಚುಕೂಟದಲ್ಲಿ ಸೀಸದ ಅಕ್ಷರಗಳ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿ, ಆಮೇಲೆ ಪ್ರೂಫ್ ತಿದ್ದುವವರಾಗಿ, ಮೂವತ್ತೈದು ವರ್ಷ ಬೇರೆಯವರ ತಪ್ಪು ಹುಡುಕುತ್ತ ಸಂಸಾರ ಸಾಗಿಸಿದವರು. ಕೆಲಸ ಹೆಚ್ಚಿದ್ದಾಗ ಪ್ರೂಫನ್ನು ಮನೆಗೆ ತರುತ್ತಿದ್ದರು. ಶಾಲೆಯಿಂದ ಬಂದ ಮಗಳು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಅಪ್ಪ ಅಚ್ಚಾದ ಹಾಳೆಯ ಮೇಲೆ ಬೆರಳಿಟ್ಟುಕೊಂಡು ಬರಬೇಕು. ಚಿಹ್ನೆಗಳನ್ನೂ ಬಿಡುವ ಹಾಗಿಲ್ಲ. “ಆದರೆ ಅಲ್ಪವಿರಾಮ ಅವನು ಬರಲಿಲ್ಲ ಪೂರ್ಣವಿರಾಮ.” ಕೇಳಿ ಕೇಳಿ ಅಮ್ಮ ಮೂಗು ಮುರಿಯುತ್ತಿದ್ದಳು, ಅಪ್ಪ ಮಗಳು ಉಸಿರಾಡೋದಕ್ಕಿಂತ ಪೂರ್ಣವಿರಾಮ ಹಾಕೋದೇ ಜಾಸ್ತಿ ಅಂತ. ನಿಜವೇ. ಅಂಗಡಿಗೆ ಕೊಟ್ಟು ಕಳಿಸುವ ಚೀಟಿಯಲ್ಲೂ ಅಪ್ಪ ‘ಹಾಲು. ಸೋಪು. ಬಲ್ಬು.’ ಎಂದು ಒಂದೊಂದಕ್ಕೂ ಚುಕ್ಕೆ ಇಡುತ್ತಿದ್ದರು.

ಕಂಪ್ಯೂಟರ್ ಬಂದ ಮೇಲೂ ಅಪ್ಪನ ಬೆರಳು ಅಚ್ಚುಕೂಟದಲ್ಲೇ ಉಳಿದಿತ್ತು. ‘ಕೊ’ ಬರೆಯುವುದಕ್ಕೆ ಎಲ್ಲರೂ ಕ ಒತ್ತಿ ಒತ್ವದ ಕೀಲಿ ಒತ್ತುತ್ತಾರೆ, ಮುಗಿಯಿತು. ಅಪ್ಪ ಹಾಗೆ ಮಾಡುತ್ತಿರಲಿಲ್ಲ. ಗುರುತುಗಳನ್ನು ಬಿಡಿಬಿಡಿಯಾಗಿ ಒತ್ತುವ ಹಳೆಯ ಕೀಲಿಮಣೆಯ ಏರ್ಪಾಡೊಂದನ್ನು ಹುಡುಕಿ ಹಾಕಿಸಿಕೊಂಡಿದ್ದರು. ಮೊದಲು ಎತ್ವ ಹಚ್ಚಿ ‘ಕೆ’ ಮಾಡುವುದು, ಆಮೇಲೆ ಅದರ ಪಕ್ಕಕ್ಕೆ ಕೊಂಬಿನ ದೀರ್ಘ ಕೂರಿಸುವುದು.

“ಎರಡೂ ಒಂದೇ ಥರ ಕಾಣುತ್ತಲ್ಲಪ್ಪ,” ಅಂದಿದ್ದಳು ಮಗಳು.

“ಕಾಣೋದು ಕಣ್ಣಿಗೆ. ಮೊಳೆ ಎಣಿಸೋನಿಗೆ ಎರಡು ಎರಡೇ. ಕೊ ಅಂದ್ರೆ ಎರಡು ಮೊಳೆ ಮರಿ, ಗೊ ಅಂದ್ರೂ ಎರಡು. ನಾನು ಕೈಯಾರೆ ಜೋಡಿಸಿದೋನು, ನನಗೆ ಹೇಳ್ಕೊಡ್ಬೇಡ.”

ಅವಳು ನಕ್ಕಿದ್ದಳು. ಅಪ್ಪನ ಹಟಗಳ ಪಟ್ಟಿಗೆ ಇದನ್ನೂ ಸೇರಿಸಿ ಮರೆತೂಬಿಟ್ಟಿದ್ದಳು.

ಅಮ್ಮ ಹೋದದ್ದು ಎರಡೂವರೆ ವರ್ಷದ ಹಿಂದೆ, ಹೊಸ ಆವೃತ್ತಿ ಬಿಡುಗಡೆಯಾಗುವ ದಿನ. ಎಂಟು ದಿನದಿಂದ ಆಸ್ಪತ್ರೆಯಲ್ಲಿದ್ದಳು. ಇನ್ನೆರಡು ದಿನದಲ್ಲಿ ಮನೆಗೆ ಕಳಿಸಬಹುದು ಎಂದು ಡಾಕ್ಟರು ಅಂದಿದ್ದರಿಂದಲೇ ಅವಳು ಆ ದಿನ ಆಫೀಸಿಗೆ ಹೋದದ್ದು. ಮಧ್ಯಾಹ್ನ ಎರಡೂವರೆಗೆ ಅಪ್ಪನ ಫೋನು ಬಂತು.

“ಸ್ವಲ್ಪ ಬರ್ತೀಯಾ ಮರಿ?”

“ಇನ್ನು ನಾಲ್ಕೇ ಕೇಸ್ ಇದೆ ಅಪ್ಪ. ಮುಗಿಸಿದೋಳೇ ಹೊರಡ್ತೀನಿ.”

“ಆಗ್ಲಿ,” ಅಂದರು ಅಪ್ಪ. ಆ ‘ಸ್ವಲ್ಪ’ದಲ್ಲಿ ಎಷ್ಟಿತ್ತು ಅನ್ನುವುದು ಅವಳಿಗೆ ಹೊಳೆಯಲಿಲ್ಲ. ಪ್ರೂಫ್ ತಿದ್ದುವವರು ಗಾಬರಿಯಾದರೂ ದನಿ ಎತ್ತುವುದಿಲ್ಲ, ಅದೇ ತೊಂದರೆ. ನಾಲ್ಕು ಕೇಸನ್ನು ಹೇಗೋ ಓಡಿಸಿ ಮುಗಿಸಿ, ಆಟೋ ಹಿಡಿದು, ಆಸ್ಪತ್ರೆಯ ಮೂರನೆಯ ಮಹಡಿ ಮುಟ್ಟಿದಾಗ ಮೂರು ನಲವತ್ತು. ಅಮ್ಮ ಹೋಗಿ ಇಪ್ಪತ್ತು ನಿಮಿಷ ಆಗಿತ್ತು. ಅಮ್ಮನ ಕನ್ನಡಕವನ್ನು ಕೈಯಲ್ಲಿ ಹಿಡಿದುಕೊಂಡು ಅಪ್ಪ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು.

ವಾರ ಕಳೆದ ಮೇಲೆ ಅಪ್ಪ ತಾವಾಗಿಯೇ ಬಾಯಿಬಿಟ್ಟರು. “ಕೊನೇಲಿ ಒಂದು ಮಾತು ಅಂದ್ಲು.”

“ಏನಂದ್ಲಪ್ಪ? ನನ್ನ ಬಗ್ಗೆನಾ?”

“ಬರೆದುಕೊಡ್ತೀನಿ. ಬಾಯಲ್ಲಿ ಹೇಳಿದ್ರೆ ಒಂದಕ್ಷರ ಹೆಚ್ಚುಕಮ್ಮಿ ಆಗುತ್ತೆ. ಅದಾಗಬಾರದು.”

ಅವಳಿಗೆ ಅನ್ನಿಸಿದ್ದು ಬೇರೆ. ಆ ಮಾತು ತನ್ನನ್ನು ಚುಚ್ಚುವಂಥದ್ದು, ಅದಕ್ಕೇ ಅಪ್ಪ ಹೇಳುತ್ತಿಲ್ಲ ಎಂದುಕೊಂಡಳು. ಅಮ್ಮ ತನ್ನನ್ನು ಕೇಳಿರಬೇಕು, ತಾನು ನಾಲ್ಕು ಕೇಸಿನ ಹಿಂದೆ ಬಿದ್ದಿದ್ದೆ. ಈ ಲೆಕ್ಕ ತಲೆಯಲ್ಲಿ ಕೂತ ಮೇಲೆ ಅವಳಿಗೆ ಆ ಒಂದು ಮಾತು ಬೇಕೇ ಬೇಕಾಯಿತು. ಕೇಳುವುದಕ್ಕೆ ಅಷ್ಟೇ ಭಯವೂ ಆಯಿತು.

ಅಪ್ಪ ಬರೆಯುವುದಕ್ಕಂತೂ ಕೂತರು. ಆ ಒಂದು ಮಾತನ್ನಷ್ಟೇ ಅಲ್ಲ, ಅಮ್ಮನ ಮಾತುಗಳನ್ನೆಲ್ಲ. ಅಮ್ಮ ಮಾತ್ರ ಆಡುತ್ತಿದ್ದ ಪದಗಳು, ಬೈಗುಳ, ಅಡ್ಡಹೆಸರುಗಳು, ಒಂದೊಂದಕ್ಕೂ ಒಂದೊಂದು ಫೈಲು. ತಿಂಗಳೊಳಗೆ ‘ಹೊಸದು’, ‘ಹೊಸದು ಎರಡು’, ‘ಇದೇ ಸರಿ’, ‘ಇದಲ್ಲ’ ಎಂಬ ಹೆಸರಿನಲ್ಲಿ ಒಂದೇ ಫೈಲು ಏಳೇಳು ಕಡೆ ಹರಡಿ ಅಪ್ಪ ಕಂಗಾಲಾದಾಗ, ಮಗಳು ತನ್ನ ಕಂಪನಿಯ ಸಾಫ್ಟ್‌ವೇರನ್ನು ಮನೆಗೂ ತಂದಳು. ಸರ್ವರಿನಲ್ಲಿ ಮೂಲ, ಅಪ್ಪನ ಕಂಪ್ಯೂಟರಿನಲ್ಲಿ ಒಂದು ಕಾಪಿ, ತನ್ನದರಲ್ಲಿ ಒಂದು. ವರ್ಕಿಂಗ್ ಕಾಪಿಗೆ ಅಪ್ಪ ಕೈಪ್ರತಿ ಅಂದರು. ಕಮಿಟ್ ಮಾಡುವುದಕ್ಕೆ ‘ಒಪ್ಪಿಸುವುದು’ ಅಂದರು, ಮೇಷ್ಟ್ರಿಗೆ ಪಾಠ ಒಪ್ಪಿಸಿದ ಹಾಗೆ. ಯಾರು ಯಾವ ಸಾಲನ್ನು ಯಾವತ್ತು ಬದಲಿಸಿದರು ಎಂದು ಅದು ತೋರಿಸುವುದನ್ನು ಕಂಡಾಗಲಂತೂ ಅವರ ಮುಖ ಅರಳಿತು. “ಇದು ಅಚ್ಚುಕೂಟದಲ್ಲಿ ಇದ್ದಿದ್ರೆ ಎಷ್ಟು ಜಗಳ ತಪ್ತಿತ್ತು,” ಅಂದರು.

ಅಪ್ಪ ಒಪ್ಪಿಸಿದ ಫೈಲುಗಳನ್ನು ಅವಳು ಬೆಳಿಗ್ಗೆ ಕಾಫಿ ಕುಡಿಯುತ್ತ ಓದುತ್ತಿದ್ದಳು. ‘ಬಿಡಿ’ ಎನ್ನುವ ಫೈಲನ್ನು ಎಷ್ಟು ಸಲ ಓದಿದಳೋ. ಅಮ್ಮ ಅಪ್ಪನಿಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಪದ ಅದು. ಅಪ್ಪ ಬರೆದಿದ್ದರು: ‘ಕೋಪ ಬಂದರೂ ಬಿಡಿ. ಕೋಪ ಇಳಿದರೂ ಬಿಡಿ. ಕೇಳಿದ್ದು ಸಿಗದಿದ್ದಾಗ ಬಿಡಿ. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡಾಗಲೂ ಬಿಡಿ. ಯಾವುದು ಯಾವುದೆಂದು ಸ್ವರದಿಂದ ತಿಳಿಯಬೇಕು. ಬರೆದರೆ ತಿಳಿಯುವುದಿಲ್ಲ.’

ಆದರೆ ಆ ಒಂದು ಮಾತಿನ ಫೈಲು ಬರಲೇ ಇಲ್ಲ.

“ಬರ್ದಾಯ್ತಾ ಅಪ್ಪ?”

“ಬರ್ದಿದೀನಿ. ‘ಕೊನೆ’ ಅಂತ ಹೆಸರಿಟ್ಟಿದೀನಿ. ತಿದ್ದೋದಿದೆ.”

“ಒಂದು ಮಾತಲ್ವಾ, ಅದರಲ್ಲಿ ಏನು ತಿದ್ದೋದು?”

“ತಿದ್ದೋದು ಅಂದ್ರೆ ಬದಲಾಯಿಸೋದಲ್ಲ, ನೋಡೋದು. ಇನ್ನೂ ನೋಡ್ತಿದೀನಿ.”

ಅವಳು ಕೋಣೆಗೆ ಕಾಲಿಟ್ಟರೆ ಸಾಕು, ಅಪ್ಪ ಆ ಫೈಲನ್ನು ಮುಚ್ಚಿಬಿಡುತ್ತಿದ್ದರು. ಅವರು ಇಲ್ಲದಾಗ ತೆರೆದು ನೋಡಬಹುದಿತ್ತು. ನೋಡಲಿಲ್ಲ. ಒಬ್ಬರು ಒಪ್ಪಿಸದೆ ಇಟ್ಟುಕೊಂಡದ್ದನ್ನು ಮುಟ್ಟಬಾರದು ಎಂದು ಹದಿನಾಲ್ಕು ವರ್ಷ ಕಂಪ್ಯೂಟರಿಗೆ ಬುದ್ಧಿ ಹೇಳಿದವಳು ತಾನೇ ಹೇಗೆ ಮುಟ್ಟಿಯಾಳು? ಬದಲಿಗೆ ಟೆಸ್ಟರುಗಳಿಗೆ ಮಾತ್ರ ಹೊಳೆಯುವಂಥ ಒಂದು ಕುಚೋದ್ಯ ಮಾಡಿದಳು. ತನ್ನ ಕಾಪಿಯಲ್ಲಿ ‘ಕೊನೆ’ ಎಂಬ ಹೆಸರಿನದೇ ಫೈಲೊಂದನ್ನು ಮಾಡಿ, ಅದರಲ್ಲಿ ಒಂದೇ ಸಾಲು ಬರೆದು, ಸರ್ವರಿಗೆ ಕಮಿಟ್ ಮಾಡಿದಳು. ಆ ಸಾಲು: ‘ಅಪ್ಪ, ಅಮ್ಮ ಏನಂದ್ಲು?’

ಅಪ್ಪ ಮುಂದಿನ ಸಲ ಅಪ್‌ಡೇಟ್ ಮಾಡಿದಾಗ ಸಾಫ್ಟ್‌ವೇರ್ ನಿಂತು, ಈ ಹೆಸರಿನದು ಸರ್ವರಿನಿಂದ ಬಂದಿದೆ, ನಿಮ್ಮದನ್ನು ನಾನು ಮುಟ್ಟಿಲ್ಲ ಎಂದು ಹೇಳುತ್ತದೆ, ಅಪ್ಪನಿಗೆ ನೆನಪಾಗುತ್ತದೆ, ನಗುತ್ತಾರೆ, ಒಪ್ಪಿಸುತ್ತಾರೆ. ನಲವತ್ತೊಂದನೆಯ ಕೇಸ್. ಸಾವಿರ ಸಲ ಪಾಸಾದದ್ದು. ಆದರೆ ಅಪ್ಪ ಅಪ್‌ಡೇಟ್ ಮಾಡಲೇ ಇಲ್ಲ. “ನಾನು ಬರೀತಿರೋವಾಗ ನನ್ನ ಮೇಜಿನ ಮೇಲೆ ಯಾರೂ ಏನೂ ತಂದಿಡೋದು ಬೇಡ,” ಅಂದರು. ಉಳಿದದ್ದನ್ನೆಲ್ಲ ಒಪ್ಪಿಸಿ ಆಗಿತ್ತು, ‘ಕೊನೆ’ಯೊಂದೇ ಬಾಕಿ. ಏಳು ತಿಂಗಳು ಹಾಗೇ ಕಳೆಯಿತು.

ಒಂದು ಬೆಳಿಗ್ಗೆ ಅಪ್ಪ ಷೂ ಲೇಸು ಕಟ್ಟಿಕೊಳ್ಳಲು ಬಗ್ಗಿದವರು ಹಾಗೇ ಕುರ್ಚಿಯಿಂದ ಜಾರಿದರು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಎಲ್ಲ ಮುಗಿಯಿತು. ಈ ಸಲ ಅವಳು ಪಕ್ಕದಲ್ಲೇ ಇದ್ದಳು, ಕೈ ಹಿಡಿದುಕೊಂಡೇ ಇದ್ದಳು. ಅಪ್ಪ ಮಾತ್ರ ಒಂದು ಮಾತೂ ಆಡಲಿಲ್ಲ.

ಒಂದು ತಿಂಗಳು ಆ ಕೋಣೆಯ ಬಾಗಿಲು ತೆಗೆಯುವುದಕ್ಕೆ ಅವಳ ಕೈ ಬರಲಿಲ್ಲ. ಆಮೇಲೊಂದು ಭಾನುವಾರ ಮಧ್ಯಾಹ್ನ ಧೂಳು ಒರೆಸಿ ಅಪ್ಪನ ಕುರ್ಚಿಯಲ್ಲಿ ಕೂತು ಕಂಪ್ಯೂಟರ್ ಹಚ್ಚಿದಳು. ಅಪ್ಪನ ಕೈಪ್ರತಿಯಲ್ಲಿ ಒಪ್ಪಿಸದೆ ಉಳಿದದ್ದು ಏನೇನಿದೆ ಎಂದು ಪಟ್ಟಿ ಕೇಳಿದಳು. ಪಟ್ಟಿಯಲ್ಲಿ ಒಂದೇ ಹೆಸರು ಬಂತು. ‘ಕೊನೆ. ಗಾತ್ರ 58 ಬೈಟು.’ ಪಕ್ಕದಲ್ಲಿ ಕೊನೆಯ ಸಲ ತೆರೆದ ತಾರೀಕು, ಅಪ್ಪ ಹೋದ ಹಿಂದಿನ ದಿನದ್ದು. ಅಂದರೆ ಆವತ್ತಿನವರೆಗೂ ತೆರೆದು ನೋಡುತ್ತಿದ್ದರು.

ಅಲ್ಲೇ ತೆರೆದು ಓದಿದ್ದರೆ ಆಗುತ್ತಿತ್ತು. ಎರಡು ಸಲ ಬೆರಳು ಒತ್ತಿದ್ದರೆ ಅಮ್ಮನ ಮಾತು ಕಣ್ಣಮುಂದೆ ಇರುತ್ತಿತ್ತು. ಆದರೆ ಅವಳು ಮೌಸನ್ನು ಆ ಹೆಸರಿನ ಮೇಲೆ ತಂದು ಹಿಂದಕ್ಕೆಳೆದಳು. ಮೊದಲು ಇದನ್ನು ಭದ್ರ ಮಾಡೋಣ, ಸರ್ವರಿಗೆ ಒಪ್ಪಿಸಿಬಿಡೋಣ, ಆಮೇಲೆ ಮುಖ ತೊಳೆದು ಬಂದು ಸಮಾಧಾನವಾಗಿ ಓದೋಣ ಅಂದುಕೊಂಡಳು. ಹೆದರಿದವರಿಗೆ ಇಂಥ ಶಿಸ್ತಿನ ನೆಪಗಳು ಬೇಗ ಸಿಗುತ್ತವೆ. ಅಪ್ಪನ ಕಾಪಿ ತುಂಬ ಹಳೆಯದು, ಕಮಿಟ್ ಮಾಡುವ ಮೊದಲು ಅಪ್‌ಡೇಟ್ ಮಾಡಿ ಎಂದಿತು ಸಾಫ್ಟ್‌ವೇರ್. ಆಫೀಸಿನಲ್ಲಾಗಿದ್ದರೆ ಇಡೀ ಫೋಲ್ಡರಿನ ನಕಲು ತೆಗೆದಿಡದೆ ಅವಳು ಆ ಗುಂಡಿಯ ಹತ್ತಿರ ಸುಳಿಯುತ್ತಿರಲಿಲ್ಲ. ಇದು ಪರೀಕ್ಷೆಯಲ್ಲ, ಮನೆ. ತಾನೇ ಪಾಸು ಮಾಡಿದ ಸಾಫ್ಟ್‌ವೇರನ್ನು ತಾನೇ ನಂಬದಿದ್ದರೆ ಹೇಗೆ? ಅವಳು ಅಪ್‌ಡೇಟ್ ಒತ್ತಿದಳು. ಎಂಟು ತಿಂಗಳ ಹಿಂದಿನ ತನ್ನ ಕುಚೋದ್ಯ ನೆನಪಾಗಿ, ‘ಮುಟ್ಟಿಲ್ಲ’ ಎನ್ನುವ ಸಂದೇಶ ಈಗ ಬರುತ್ತದೆ ಎಂದು ಸಣ್ಣಗೆ ನಕ್ಕಳು ಕೂಡ.

ಆ ಸಂದೇಶ ಬರಲಿಲ್ಲ. ‘ಹೊಸ ಫೈಲು ಸೇರಿತು: ಕೊನೆ’ ಎಂದು ಬಂತು.

ಫೋಲ್ಡರ್ ನೋಡಿದಳು. ‘ಕೊನೆ’ ಒಂದೇ ಇತ್ತು. ಗಾತ್ರ 58 ಇರಲಿಲ್ಲ, 49 ಇತ್ತು. ತೆರೆದಳು.

‘ಅಪ್ಪ, ಅಮ್ಮ ಏನಂದ್ಲು?’

ಕೇಳಿದ್ದೂ ಅವಳೇ, ಉತ್ತರವನ್ನು ಅಳಿಸಿದ್ದೂ ಅವಳ ಪ್ರಶ್ನೆಯೇ. ಅಳು ಬಂದದ್ದು ಬಹಳ ತಡವಾಗಿ, ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿರುವಾಗ. ಅಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಅಪ್‌ಡೇಟ್ ಭಾಗವನ್ನು ಬರೆದವನು ಆಫೀಸಿನಲ್ಲಿ ಮೌನಿ ಎಂದೇ ಹೆಸರಾದ ಎಂಜಿನಿಯರು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಸೋಮವಾರ ಅವಳು ಅಪ್ಪನ ಕಂಪ್ಯೂಟರನ್ನೇ ಹೊತ್ತು ತಂದು ಅವನ ಮೇಜಿನ ಮೇಲಿಟ್ಟು, ಆದದ್ದೆಲ್ಲ ಹೇಳಿದಳು. ಅವನು ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಡಿಸ್ಕಿನ ಮೂಲೆಮೂಲೆ ಜಾಲಾಡಿದ. ಗುರುವಾರ ಬೆಳಿಗ್ಗೆ ಅವಳ ಮೇಜಿನ ಹತ್ತಿರ ಬಂದು ನಿಂತ.

“ಸಿಗಲಿಲ್ಲ ಅಕ್ಕ. ಅದೇ ಜಾಗದ ಮೇಲೆ ಬರೆದಿದೆ.”

“ಯಾಕೆ ಮುಟ್ತು ಅದು? ನಲವತ್ತೊಂದು ಪಾಸಾಗಿದೆಯಲ್ಲ.”

ಮೌನಿ ಒಂದು ಕಾಗದದ ಮೇಲೆ ‘ಕೊನೆ’ ಎಂದು ಎರಡು ಸಲ ಬರೆದ. “ನೋಡೋಕೆ ಒಂದೇ. ನಿಮ್ಮ ತಂದೆಯವರು ಕೊ ಅನ್ನೋದನ್ನ ಎರಡು ತುಂಡಾಗಿ ಒತ್ತಿದಾರೆ. ನೀವು ಒಂದೇ ತುಂಡಾಗಿ. ನನ್ನ ಕೋಡು ತುಂಡು ಎಣಿಸಿ, ಇವೆರಡೂ ಬೇರೆ ಹೆಸರು, ಅಡ್ಡಿ ಏನಿಲ್ಲ ಅಂದುಕೊಳ್ತು. ಅವರ ಕಂಪ್ಯೂಟರಿನ ಡಿಸ್ಕು ಎರಡೂ ಒಂದೇ ಹೆಸರು ಅಂದುಕೊಳ್ತು. ಹಳೇದರ ಮೇಲೇ ಬರೀತು.” ಅವನ ಪಾಲಿಗೆ ಅದು ಒಂದು ವರ್ಷದ ಮಾತು. ಆಮೇಲೆ ಕಾಗದ ಮಡಚಿಟ್ಟು, “ತಪ್ಪು ನಂದೇ ಅಕ್ಕ,” ಅಂದ.

ತಪ್ಪು ಯಾರದು ಎಂದು ಅವಳು ತಾನೇ ಹುಡುಕಿದಳು. ಆ ಸಾಫ್ಟ್‌ವೇರ್ ಇರುವುದೇ ಅದಕ್ಕೆ. ಕನ್ನಡದ ಹೆಸರಿರುವ ಫೈಲುಗಳಿಗೆಂದು ಒಂದು ಕೇಸ್ ಇತ್ತು, ಪಟ್ಟಿಯ ಕಟ್ಟಕಡೆಯದು, ನೂರ ಹದಿನೆಂಟನೆಯದು. ಅದರ ವಿವರಣೆಯನ್ನು ಅವಳೇ ಬರೆದಿದ್ದಳು: ‘ಕಾಗುಣಿತದ ಎಲ್ಲ ಗುರುತುಗಳೂ ಬರುವ ಹೆಸರುಗಳಿಂದ, ಎಲ್ಲ ಬಗೆಯ ಕೀಲಿಮಣೆ, ಕಂಪ್ಯೂಟರುಗಳಲ್ಲಿ ಪರೀಕ್ಷಿಸಬೇಕು.’ ಪರೀಕ್ಷೆಗೆ ಬಳಸಿದ ಹೆಸರುಗಳು ಕೆಳಗಿದ್ದವು. ಮನೆ. ಮರ. ನೆಲ. ಅಮ್ಮ. ಅಷ್ಟೇ, ನಾಲ್ಕು. ಒಂದರಲ್ಲೂ ಒತ್ವ ಇಲ್ಲ. ಪಕ್ಕದಲ್ಲಿ ‘ಪಾಸ್’. ಆ ಸಾಲನ್ನು ಯಾರು ಯಾವಾಗ ಬರೆದರು ಎಂದು ಸಾಫ್ಟ್‌ವೇರನ್ನು ಕೇಳಿದಳು. ಅವಳದೇ ಹೆಸರು ಬಂತು, ಅಮ್ಮ ಹೋದ ದಿನದ ತಾರೀಕು, ಮಧ್ಯಾಹ್ನ ಎರಡು ಐವತ್ತೊಂದು.

ಅಪ್ಪನ ಫೋನು ಬಂದ ಮೇಲಿನ ಇಪ್ಪತ್ತೊಂದು ನಿಮಿಷ. ಅಮ್ಮನ ಹತ್ತಿರ ಬೇಗ ಹೋಗಬೇಕೆಂದು ನಾಲ್ಕು ಸುಲಭದ ಪದ ಹಾಕಿ ಕೈ ತೊಳೆದುಕೊಂಡಿದ್ದಳು. ಆ ಅವಸರದಿಂದ ಅಮ್ಮನೂ ಸಿಗಲಿಲ್ಲ, ಈಗ ಅಮ್ಮನ ಮಾತೂ ಸಿಗಲಿಲ್ಲ. ಕೇಸುಗಳನ್ನು ಪೂರ್ತಿ ಮಾಡಿದ್ದರೆ ಮಾತಾದರೂ ಉಳಿಯುತ್ತಿತ್ತು. ಕೇಸುಗಳನ್ನು ಅಲ್ಲೇ ಬಿಟ್ಟು ಓಡಿದ್ದರೆ ಅಮ್ಮನ ಬಾಯಿಂದಲೇ ಕೇಳಬಹುದಿತ್ತು. ಎರಡೂ ಅಲ್ಲದ್ದನ್ನು ಮಾಡಿದ್ದಳು. ಅವಳು ಮೇಜಿನ ಮೇಲೆ ತಲೆಯಿಟ್ಟಳು. ಮೌನಿ ಬಂದು ಒಂದು ಲೋಟ ನೀರಿಟ್ಟು ಹೋದ.

ಉಳಿದದ್ದು ಒಂದು ಸಂಖ್ಯೆ. ಐವತ್ತೆಂಟು.

ಅದು ಅವಳನ್ನು ಹಿಡಿದುಕೊಂಡಿತು. ಕನ್ನಡದ ಒಂದು ಅಕ್ಷರಕ್ಕೆ ಮೂರು ಬೈಟು, ಗುಣಿತದ ಗುರುತಿಗೆ ಮೂರು, ಒತ್ತಿನ ಗುರುತಿಗೆ ಮೂರು. ಖಾಲಿ ಜಾಗಕ್ಕೆ ಒಂದು. ಪೂರ್ಣವಿರಾಮಕ್ಕೆ ಒಂದು, ಅಪ್ಪ ಅದನ್ನು ಬಿಟ್ಟಿರಲು ಸಾಧ್ಯವೇ ಇಲ್ಲ. ಹದಿನೆಂಟು ಮೂರಲ ಐವತ್ತನಾಲ್ಕು, ಮೂರು ಖಾಲಿ ಜಾಗ, ಒಂದು ಚುಕ್ಕೆ. ಬೇರೆ ಥರವೂ ಕೂಡಿಸಬಹುದು, ಆದರೆ ಮನುಷ್ಯರಾಡುವ ಮಾತಿಗೆ ಇದೇ ಸರಿಹೊಂದುತ್ತದೆ. ಅಂದರೆ ನಾಲ್ಕು ಪದ. ಅಮ್ಮ ನಾಲ್ಕು ಪದ ಆಡಿದ್ದಳು.

ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ, ಹಲ್ಲುಜ್ಜುವಾಗ ಅವಳು ಬೆರಳು ಮಡಚಿ ಎಣಿಸತೊಡಗಿದಳು. ಮೊದಲು ಹೊಂದಿದ ಸಾಲು ‘ಅವಳು ಬರಲ್ಲ ಅಂತ ಗೊತ್ತು.’ ಎನ್ನುವುದು. ಎಣಿಸಿದಳು, ಐವತ್ತೆಂಟು. ಮತ್ತೆ ಎಣಿಸಿದಳು, ಅಷ್ಟೇ. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಅಪ್ಪನ ದನಿ ಕಿವಿಯಲ್ಲಿ ಹೇಳಿದ ಹಾಗಾಯಿತು, ಗೊ ಅಂದ್ರೂ ಎರಡು ಮೊಳೆ ಮರಿ. ಅಪ್ಪ ಒತ್ತಿದ್ದರೆ ಆ ಸಾಲು ಅರವತ್ತೊಂದು ಆಗುತ್ತಿತ್ತು. ಅದಲ್ಲ. ಅಮ್ಮ ಅದನ್ನು ಅನ್ನಲಿಲ್ಲ. ಎಲ್ಲವನ್ನೂ ಕಸಿದುಕೊಂಡ ಆ ಎರಡು ಮೊಳೆ ಇದೊಂದನ್ನಾದರೂ ಅವಳ ಎದೆಯಿಂದ ಕಿತ್ತು ಹಾಕಿತು. ಸ್ಟಾಪಿನಲ್ಲಿ ಜನ ನೋಡುತ್ತಿದ್ದರೂ ಅವಳು ಕಣ್ಣೊರೆಸಿಕೊಳ್ಳಲಿಲ್ಲ.

ಆದರೆ ಬೇರೆ ಸಾಲುಗಳು ಬಂದವು. ‘ಅವಳ ಕೆಲಸ ಮುಗಿಯಲಿ ಬಿಡಿ.’ ಐವತ್ತೆಂಟು. ಅಮ್ಮನದೇ ಮಾತು, ಅಮ್ಮನದೇ ಧಾಟಿ. ಅವಳು ಒಂದು ವಾರ ಅದನ್ನೇ ನಂಬಿಕೊಂಡು, ಹಾಸಿಗೆಯ ಮೇಲೆ ಕಣ್ಣುಮುಚ್ಚಿ ಅಮ್ಮನ ದನಿಯಲ್ಲಿ ಕೇಳಿಸಿಕೊಂಡು, ಸ್ವಲ್ಪ ನೆಟ್ಟಗಾದಳು. ಆಮೇಲೆ ಅನುಮಾನ ತಲೆಯೆತ್ತಿತು. ‘ಅವಳು ಇನ್ನು ಬರಲ್ಲ ಬಿಡಿ.’ ಅದೂ ಐವತ್ತೆಂಟೇ. ಅದೂ ಅಮ್ಮನದೇ ಧಾಟಿ. ‘ಆ ಕಿಟಕಿ ಸ್ವಲ್ಪ ಮುಚ್ಚಿ.’ ಅದೂ ಅಷ್ಟೇ. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕಿಟಕಿ ಇತ್ತು, ಬಿಸಿಲು ಬರುತ್ತಿತ್ತು. ಅಮ್ಮ ಮಗಳನ್ನು ನೆನೆಸಿಕೊಂಡೇ ಇರಲಿಲ್ಲ ಎಂದೂ ಆಗಬಹುದು. ಅಪ್ಪ ಎರಡು ವರ್ಷಕ್ಕೂ ಮಿಕ್ಕಿ ತೆರೆದು ನೋಡಿದ್ದು ಕಿಟಕಿಯ ಮಾತನ್ನೇ ಇರಬಹುದು, ಅಮ್ಮ ಕೇಳಿದಾಗ ಅವರು ಕಿಟಕಿ ಮುಚ್ಚಿದರೋ ಇಲ್ಲವೋ. ಲೆಕ್ಕಕ್ಕೆ ಎಲ್ಲವೂ ಒಂದೇ.

ಎಣಿಸುವುದನ್ನು ನಿಲ್ಲಿಸಿದ್ದು ಮೌನಿ ಕೋಡು ಸರಿಮಾಡಿಕೊಟ್ಟ ದಿನ. “ಇದಕ್ಕೊಂದು ಕೇಸ್ ಬರೀಬೇಕಲ್ಲ ಅಕ್ಕ,” ಅಂದ ಅವನು. “ಬೇಡ ಅನ್ನಿಸಿದ್ರೆ ನಾನೇ ಬರೀತೀನಿ.”

“ಬೇಡ. ನಾನೇ ಬರೀತೀನಿ,” ಅಂದಳು.

ನೂರ ಹತ್ತೊಂಬತ್ತನೆಯ ಕೇಸ್. ಎರಡು ಪುಟ್ಟ ಕಾಪಿ. ಒಂದರಲ್ಲಿ ಒಂದೇ ತುಂಡಿನ ‘ಕೊನೆ’, ಒಳಗೆ ‘ಅಪ್ಪ, ಅಮ್ಮ ಏನಂದ್ಲು?’ ಅದನ್ನು ಕಮಿಟ್ ಮಾಡುವುದು. ಇನ್ನೊಂದರಲ್ಲಿ ಎರಡು ಮೊಳೆಯ ‘ಕೊನೆ’. ಇದನ್ನು ಒಪ್ಪಿಸದೆ ಇಟ್ಟುಕೊಂಡು ಅಪ್‌ಡೇಟ್ ಮಾಡುವುದು. ಇದು ಉಳಿಯಬೇಕು. ಆದರೆ ಇದರ ಒಳಗೆ ಏನಾದರೂ ಬರೆಯಬೇಕಲ್ಲ? ಖಾಲಿ ಫೈಲು ಉಳಿದರೇನು, ಹೋದರೇನು, ಪರೀಕ್ಷೆಗೆ ಗೊತ್ತಾಗುವುದಿಲ್ಲ. ಒಂದು ಪೂರ್ತಿ ಸಾಲನ್ನು ಆರಿಸಿ ಅಮ್ಮನ ಬಾಯಿಗೆ ಹಾಕುವುದಕ್ಕೆ ಮನಸ್ಸು ಒಪ್ಪಲಿಲ್ಲ. ಒಂದಕ್ಷರ ಹೆಚ್ಚುಕಮ್ಮಿ ಆಗಬಾರದು ಎಂದಿದ್ದರು ಅಪ್ಪ. ಕೊನೆಗೆ ಒಂದೇ ಪದ ಬರೆದು ಚುಕ್ಕೆ ಇಟ್ಟಳು. ‘ಬಿಡಿ.’

ಈಗ ಪ್ರತಿದಿನ ಬೆಳಿಗ್ಗೆ ಒಂಬತ್ತೂಕಾಲಿಗೆ ಫಲಿತಾಂಶ ಬರುತ್ತದೆ. ನೂರ ಹತ್ತೊಂಬತ್ತಕ್ಕೂ ಹಸಿರು, ಎಲ್ಲ ಪಾಸು. ಹಸಿರು ಬಂದರೂ ಅವಳು ಸುಮ್ಮನಾಗುವುದಿಲ್ಲ, ಅನುಮಾನದಕ್ಕ ಎಂಬ ಹೆಸರು ಸುಮ್ಮನೆ ಬಂದಿಲ್ಲವಲ್ಲ. ಫೈಲನ್ನು ತೆರೆದು, ಚಿಕ್ಕಂದಿನಲ್ಲಿ ಅಪ್ಪನಿಗೆ ಪ್ರೂಫ್ ಓದಿದ ಹಾಗೆ ಮೆಲ್ಲಗೆ ಓದುತ್ತಾಳೆ. ಬಿಡಿ ಪೂರ್ಣವಿರಾಮ. ಒಂದೊಂದು ದಿನ ಕೋಪದಲ್ಲಿ, ಒಂದೊಂದು ದಿನ ಕೋಪ ಇಳಿದ ಹಾಗೆ. ಎಲ್ಲ ಅಕ್ಷರವೂ ಸರಿಯಾಗಿದೆ. ಯಾವ ಸ್ವರದಲ್ಲಿ ಓದಬೇಕು ಅನ್ನುವುದು ಮಾತ್ರ ಅವಳಿಗೆ ಇವತ್ತಿಗೂ ಗೊತ್ತಿಲ್ಲ.